ಮುಂದಿನ ಸಿಮ್ಸ್‌ನಲ್ಲಾದರೂ ಪಕ್ಕದ ಮನೆಯವರು ಬಾಗಿಲು ತೆಗೀತಾರಾ?

ಗುಬ್ಬಿಗೂಡು

ಕಂಪ್ಯೂಟರಿನಲ್ಲಿ ಮನೆ ಕಟ್ಟಿ, ಸಿಮ್ ಅನ್ನುವ ಪುಟ್ಟ ಮನುಷ್ಯರಿಂದ ಸಂಸಾರ ಮಾಡಿಸುವ ಸಿಮ್ಸ್ ಆಟದವರು ನಾವು. "ಸಿಮ್ಸ್ 5 ಯಾವಾಗ" ಅಂತ ಕೇಳಿ ಕೇಳಿ ಎಲ್ಲರಿಗೂ ಬಾಯಿ ನೋವು ಬಂದಿದೆ. ನಾನು ಬೇರೆ ಪ್ರಶ್ನೆ ಇಡುತ್ತೇನೆ.

ಹೋದ ವಾರ ಅಮ್ಮ ಊರಿಂದ ಬಂದಿದ್ದರು. ನಾನು ಸಿಮ್ಸ್ 4 ಆಡುತ್ತಾ ಕೂತಿದ್ದೆ. ಅಮ್ಮ ಕಾಫಿ ಲೋಟ ಹಿಡಿದು ಹಿಂದೆ ಬಂದು ನಿಂತರು. ಸ್ವಲ್ಪ ಹೊತ್ತು ನೋಡಿ, "ಆ ಪಕ್ಕದ ಮನೆಯಲ್ಲಿ ಯಾರೂ ಇಲ್ವೇನೇ?" ಅಂದರು. ಇದ್ದಾರಮ್ಮ, ಗಂಡ ಹೆಂಡತಿ, ಇಬ್ಬರು ಮಕ್ಕಳು ಅಂದೆ. "ಮತ್ತೆ ಬೆಳಗ್ಗೆಯಿಂದ ಬಾಗಿಲೇ ತೆಗೆದಿಲ್ಲ?"

ಏನು ಹೇಳಲಿ? ಆ ಮನೆ ಬರೀ ಗೋಡೆ, ಚಾವಣಿ. ನಾನು ಅಲ್ಲಿಗೆ ಹೋಗಬೇಕು, ಲೋಡಿಂಗ್ ಪರದೆ ಬರಬೇಕು, ಆಮೇಲೆ ಒಳಗೆ ಅಡುಗೆಮನೆ ಹುಟ್ಟಿಕೊಳ್ಳುತ್ತದೆ.

ಸಿಮ್ಸ್ 3ರಲ್ಲಿ ಹೀಗಿರಲಿಲ್ಲ. ಇಡೀ ಊರು ಒಟ್ಟಿಗೆ ಓಡುತ್ತಿತ್ತು. ನಮ್ಮ ಸಿಮ್ ಮಲಗಿದ್ದಾಗ ಊರಿನ ಇನ್ನೊಂದು ತುದಿಯಲ್ಲಿ ಯಾರೋ ಮದುವೆಯಾಗುತ್ತಿದ್ದರು, ಯಾರೋ ಕೆಲಸ ಕಳೆದುಕೊಳ್ಳುತ್ತಿದ್ದರು. ಸಂಜೆ ಪಾರ್ಕಿಗೆ ಹೋದರೆ ಹಳೇ ಗೆಳತಿ ಬಸುರಿ. ಯಾವಾಗಾಯಿತು, ಗಂಡ ಯಾರು, ಒಂದೂ ಗೊತ್ತಿಲ್ಲ! ಸಿಮ್ಸ್ 4ಕ್ಕೂ ಆಮೇಲೆ ನೆರೆಹೊರೆಯ ಕಥೆಗಳನ್ನು ಸೇರಿಸಿದರು, ಇಲ್ಲ ಅನ್ನಲ್ಲ. ಆದರೆ ಅಲ್ಲಿ ಪಕ್ಕದ ಮನೆಯವರು ನಮಗೇ ಫೋನ್ ಮಾಡಿ "ಮಗು ಮಾಡಿಕೊಳ್ಳಲಾ, ಬೇಡವಾ?" ಅಂತ ಕೇಳುತ್ತಾರೆ. ಅದು ನಮ್ಮನ್ನು ಯಾಕೆ ಕೇಳಬೇಕು ಮಾರಾಯರೆ?

ಮುಂದಿನ ಆಟದಲ್ಲಿ ಊರು ಮತ್ತೆ ತೆರೆದುಕೊಳ್ಳುತ್ತಾ? ನಿಮಗೇನನ್ನಿಸುತ್ತೆ?

ಏಣಿ ಕದ್ದವನು

ಅಕ್ಕಾ, ಮೊದಲು ಈಜುಕೊಳ ಇರುತ್ತಾ ಅಂತ ಕೇಳಿ. 2014ರ ಸೆಪ್ಟೆಂಬರ್‌ನಲ್ಲಿ ಸಿಮ್ಸ್ 4 ಬಂದಾಗ ಈಜುಕೊಳವೇ ಇರಲಿಲ್ಲ. ಕೊಳದ ಏಣಿ ತೆಗೆದು ಸಿಮ್‌ಗಳನ್ನು ಮುಳುಗಿಸುತ್ತಿದ್ದ ನಾನು ಯಾರನ್ನು, ಹೇಗೆ ಮುಗಿಸಲಿ? ನವೆಂಬರ್‌ನಲ್ಲಿ ಕೊಟ್ಟರು, ಸರಿ. ಆದರೆ ಈಗಿನ ಸಿಮ್‌ಗಳು ಏಣಿ ಇಲ್ಲದಿದ್ದರೂ ದಡ ಹತ್ತುತ್ತವೆ. ಸುತ್ತ ಬೇಲಿ ಹಾಕಬೇಕು. ಖರ್ಚು ಜಾಸ್ತಿ.

ನಡೆಯಲು ಕಲಿಯುವ ಪುಟಾಣಿಗಳೂ ಇರಲಿಲ್ಲ, ನೆನಪಿದೆಯಾ? ತೊಟ್ಟಿಲಲ್ಲಿದ್ದ ಕೂಸು ಒಂದು ರಾತ್ರಿ ಕಳೆದರೆ ಬ್ಯಾಗು ಹಾಕಿಕೊಂಡು ಶಾಲೆಗೆ ಹೊರಡುತ್ತಿತ್ತು. ಪುಟಾಣಿ ಬಂದದ್ದು 2017ರ ಜನವರಿಯಲ್ಲಿ. ಅಂಬೆಗಾಲಿಡುವ ಕೂಸು ಬಂದದ್ದು 2023ರ ಮಾರ್ಚ್‌ನಲ್ಲಿ. ಒಂದು ಮಗು ಬೆಳೆಯಲು ಎಂಟೂವರೆ ವರ್ಷ ಹಿಡಿಯಿತು.

ಕಡಲತಡಿಯ ಭೂತ

ಸಿಮ್ಸ್ 5 ಅನ್ನುವ ಹೆಸರಲ್ಲಿ ಏನೂ ಬರುವುದಿಲ್ಲ ಮಾರಾಯ್ರೆ. ಅದನ್ನು ಸಿಮ್ಸ್ ಮಾಡುವ ಕಂಪನಿ ಇಎ 2024ರಲ್ಲೇ ಹೇಳಿ ಆಗಿದೆ. ಹಳೇ ಆಟವನ್ನು ಬದಿಗೆ ಸರಿಸಿ ಹೊಸ ನಂಬರ್ ತರುವ ಕ್ರಮ ನಿಲ್ಲಿಸುತ್ತೇವೆ, ಸಿಮ್ಸ್ 4 ಮುಂದುವರಿಯುತ್ತದೆ, ಅದರ ಜೊತೆಗೇ ಬೇರೆ ಬೇರೆ ಆಟಗಳು ಬರುತ್ತವೆ ಅಂತ.

2022ರ ಅಕ್ಟೋಬರ್‌ನಲ್ಲಿ 'ಪ್ರಾಜೆಕ್ಟ್ ರೆನೆ' ತೋರಿಸಿದಾಗ ನಾವೆಲ್ಲ ಇದೇ ಸಿಮ್ಸ್ 5 ಅಂದುಕೊಂಡು ಕುಣಿದೆವು. ಅದೇ ತಿಂಗಳು ಸಿಮ್ಸ್ 4ರ ಮೂಲ ಆಟವನ್ನು ಪುಕ್ಕಟೆ ಮಾಡಿದ್ದರು. ಅಂಗಡಿ ಖಾಲಿ ಮಾಡುವವರು ಹಳೇ ಸ್ಟಾಕ್ ಹಂಚುತ್ತಿದ್ದಾರೆ ಅಂತ ನಾನೇ ಬರೆದಿದ್ದೆ. ಪೂರ್ತಿ ಉಲ್ಟಾ ಆಯಿತು. ರೆನೆ ಈಗ ಗೆಳೆಯರ ಜೊತೆ ಫೋನಿನಲ್ಲಿ ಆಡುವ ಆಟದ ಕಡೆಗೆ ಹೋಗಿದೆ. ಪರೀಕ್ಷೆಗೆ ಬಿಟ್ಟಾಗ ಹೊರಬಿದ್ದ ಚಿತ್ರಗಳಲ್ಲಿ ಕಂಡದ್ದು ಒಂದು ಕೆಫೆ, ಒಂದು ಚೌಕ, ಗೊಂಬೆ ಮುಖದ ನಾಲ್ಕು ಜನ. ಮನೆ ಕಟ್ಟಿ ಸಂಸಾರ ಮಾಡುವವರಿಗೆ ಅದು ಸಾಕಾ?

ಹೊಸಬ್ರು ಸ್ವಾಮಿ

ನಾನು 2022ರಲ್ಲಿ ಫ್ರೀ ಅಂತ ಇಳಿಸಿಕೊಂಡವನು. ಹಳಬರು ಬೈಯಬೇಡಿ. ಸಿಮ್ಸ್‌ಗೆ ಯಾಕೆ ಕಾಯಬೇಕು? ಇನ್‌ಝೋಯ್ ಅಂತ ಅದೇ ಥರದ ಆಟ ಬಂದಿದೆಯಲ್ಲ. ತೆರೆದ ಊರು, ಓಡಿಸುವ ಕಾರು, ಬೇಕಾದ ಬಣ್ಣ, ಎಲ್ಲಾ ಇದೆ. ಮಾಡಿದ್ದು ಕ್ರಾಫ್ಟನ್, ಅದೇ ಫೋನಿನಲ್ಲಿ ಗುಂಡು ಹಾರಿಸುವ ನಮ್ಮ ಬಿಜಿಎಂಐ ಆಟದ ಕಂಪನಿ. 2025ರ ಮಾರ್ಚ್ 28ಕ್ಕೆ ಬಿಟ್ಟರು, ಒಂದೇ ವಾರದಲ್ಲಿ ಹತ್ತು ಲಕ್ಷ ಪ್ರತಿ ಹೋಯಿತು.

ಏಣಿ ಕದ್ದವನು

@ಹೊಸಬ್ರು ಸ್ವಾಮಿ ನಿನ್ನ ಕಂಪ್ಯೂಟರ್ ಯಾವುದಪ್ಪಾ? ಅದಕ್ಕೆ ಕನಿಷ್ಠವೇ ಆರ್‌ಟಿಎಕ್ಸ್ 2060 ಗ್ರಾಫಿಕ್ಸ್ ಕಾರ್ಡ್ ಬೇಕು. ನನ್ನ ಲ್ಯಾಪ್‌ಟಾಪ್‌ನಲ್ಲಿ ಹಾಕಿದರೆ ಅದರ ಮೇಲೆ ದೋಸೆ ಹುಯ್ಯಬಹುದು. ಸಿಮ್ಸ್ ಗೆದ್ದದ್ದೇ ಅಪ್ಪನ ಆಫೀಸ್ ಲ್ಯಾಪ್‌ಟಾಪ್‌ನಲ್ಲೂ ಓಡುತ್ತೆ ಅಂತ.

ಇಳಕಲ್ ಸೆರಗು

ಇನ್‌ಝೋಯ್ ನಾನೂ ನೋಡಿದೆ, ತಮ್ಮನ ಮನೆಯಲ್ಲಿ. ಚಂದ ಐತಿ ಖರೆ. ಆದರೆ ಅವರ ಮುಖಕ್ಕೆ ಸಿಟ್ಟೇ ಬರೂದಿಲ್ಲ. ಎಲ್ಲಾರೂ ಜಾಹೀರಾತಿನಾಗಿನ ಮಂದಿ ಹಂಗ. ನನ್ನ ಸಿಮ್ಸ್ 2ರ ಸೊಸೆ ಒಲೆಗೆ ಬೆಂಕಿ ಹತ್ತಿದರೆ ಆರಿಸೂದು ಬಿಟ್ಟು ಅಲ್ಲೇ ನಿಂತು ಚೀರತಿದ್ದಳು. ಅದು ನೋಡ್ರಿ ಮನಿ!

ಬಣ್ಣದ ವಿಷಯಕ್ಕೆ ಬಂದರೆ ನನ್ನದೊಂದು ಹಳೇ ಹೊಟ್ಟೆಯುರಿ ಇದೆ. ಸಿಮ್ಸ್ 3ರಲ್ಲಿ ಯಾವ ಸಾಮಾನಿಗೆ ಬೇಕಾದರೂ ನಮ್ಮದೇ ಬಣ್ಣ, ನಮ್ಮದೇ ವಿನ್ಯಾಸ ಹಾಕಬಹುದಿತ್ತು. ನಾನು ಅಜ್ಜಿಯ ಸೀರೆಯ ಚೌಕಳಿ ನೋಡಿ ನೋಡಿ ಕಿಟಕಿ ಪರದೆಗೆ ಹಾಕಿದ್ದೆ. ಮೈ ಕಪ್ಪು, ಅಂಚು ದಾಳಿಂಬೆ ಕೆಂಪು, ನಡುವೆ ಸಣ್ಣ ಹಳದಿ ಗೆರೆ. ಒಂದು ಪರದೆಗೆ ಮೂರು ತಾಸು. ಆಮೇಲೆ ಅದೇ ಬಟ್ಟೆ ಸೋಫಾ ದಿಂಬಿಗೂ ಎಳೆದು ಬಿಟ್ಟೆ. ಮುಗೀತು, ಮನೆಯೇ ನಮ್ಮದಾಯಿತು. ಸಿಮ್ಸ್ 4ರಲ್ಲಿ ಅವರು ಕೊಟ್ಟ ಹತ್ತು ಹನ್ನೆರಡು ಬಣ್ಣದಲ್ಲಿ ಒಂದನ್ನು ಆರಿಸಿಕೊಂಡು ಸುಮ್ಮನಿರಬೇಕು. ರೆನೆಯ ಮೊದಲ ಪ್ರದರ್ಶನದಲ್ಲಿ ಸೋಫಾದ ಬಣ್ಣ, ಆಕಾರ, ದಿಂಬು ಎಲ್ಲಾ ಬದಲಿಸಿ ತೋರಿಸಿದ್ದರು. ಅದೊಂದನ್ನು ಮಾತ್ರ ಕೈಬಿಡಬಾರದು. ಉಳಿದದ್ದು ಹಾಳಾಗಿ ಹೋಗಲಿ.

ಕೋಡ್ ಕುಟ್ಟಪ್ಪ

ಗುಬ್ಬಿಗೂಡು ಮೇಡಂ ಪ್ರಶ್ನೆಗೆ ಬರೋಣ. ಪಕ್ಕದ ಮನೆ ಯಾಕೆ ಸತ್ತಿದೆ ಅಂತ ತಿಳಿಯಬೇಕಾದರೆ ಈ ಆಟ ಒಳಗೆ ಹೇಗೆ ನಡೆಯುತ್ತದೆ ನೋಡಬೇಕು. ಸ್ವಲ್ಪ ಉದ್ದ ಆಗುತ್ತದೆ, ಕ್ಷಮಿಸಿ.

ಸಿಮ್ಸ್‌ನಲ್ಲಿ ಬುದ್ಧಿ ಇರುವುದು ಮನುಷ್ಯರಿಗಲ್ಲ, ಸಾಮಾನಿಗೆ. 2000ದ ಮೊದಲ ಆಟದಿಂದಲೂ ಹಾಗೇ. ಸಂತೆಯಲ್ಲಿ ತರಕಾರಿಯವರು ಕೂಗುತ್ತಾರಲ್ಲ, ಹಾಗೆ ಮನೆಯ ಪ್ರತಿ ವಸ್ತು ಕೂಗುತ್ತಿರುತ್ತದೆ. ಫ್ರಿಜ್ "ಹಸಿವಿಗೆ ಇಷ್ಟು ಕೊಡುತ್ತೇನೆ" ಅನ್ನುತ್ತದೆ. ಮಂಚ "ನಿದ್ದೆಗೆ ಇಷ್ಟು" ಅನ್ನುತ್ತದೆ. ಟಿವಿ "ಮಜಾಕ್ಕೆ ಇಷ್ಟು" ಅನ್ನುತ್ತದೆ. ಸಿಮ್‌ಗೆ ಆ ಹೊತ್ತಿಗೆ ಯಾವುದರ ಕೊರತೆ ಜಾಸ್ತಿಯೋ ಆ ಕೂಗು ದೊಡ್ಡದಾಗಿ ಕೇಳುತ್ತದೆ. ಹೇಗೆ ತಿನ್ನಬೇಕು, ಹೇಗೆ ಕೂರಬೇಕು ಅನ್ನುವುದೂ ಆ ವಸ್ತುವಿನ ಒಳಗೇ ಬರೆದಿರುತ್ತದೆ. ಅದಕ್ಕೇ ಹೊಸ ಪ್ಯಾಕ್‌ನಲ್ಲಿ (ಆಮೇಲೆ ದುಡ್ಡು ಕೊಟ್ಟು ಆಟಕ್ಕೆ ಸೇರಿಸಿಕೊಳ್ಳುವ ಗಂಟು) ಬಂದ ಹೊಸ ಸಾಮಾನನ್ನೂ ಹಳೇ ಸಿಮ್ ಮರುಕ್ಷಣ ಬಳಸುತ್ತದೆ. ಸಿಮ್‌ಗೆ ಏನೂ ಕಲಿಸಬೇಕಾಗಿಲ್ಲ.

ಈಗ ಊಹಿಸಿ. ಒಂದು ಮನೆಯಲ್ಲಿ ಇನ್ನೂರು ವಸ್ತು ಕೂಗುತ್ತಿದ್ದರೆ ಕಂಪ್ಯೂಟರ್ ತಡೆಯುತ್ತದೆ. ಎಂಬತ್ತು ಮನೆ ಒಟ್ಟಿಗೆ ಕೂಗಿದರೆ? ಸಿಮ್ಸ್ 3 ಅದನ್ನೇ ಮಾಡಲು ಹೋಯಿತು. ಅದು 32 ಬಿಟ್ ಆಟ. ಯಂತ್ರದಲ್ಲಿ ಎಷ್ಟೇ ಮೆಮೊರಿ ಇದ್ದರೂ ನಾಲ್ಕು ಜಿಬಿಗಿಂತ ಹೆಚ್ಚು ಮುಟ್ಟುವಂತಿಲ್ಲ. ದೂರದವರನ್ನು ಒರಟಾಗಿ ಲೆಕ್ಕ ಹಾಕಿ ಹೇಗೋ ಸಂಭಾಳಿಸಿದರು. ಆದರೂ ಯಾವುದೋ ಮೂಲೆಯಲ್ಲಿ ಯಾರೋ ಒಬ್ಬ ಸಿಕ್ಕಿಹಾಕಿಕೊಂಡು ದಾರಿ ಹುಡುಕುತ್ತಿದ್ದರೆ ಇಡೀ ಊರು ತೊದಲುತ್ತಿತ್ತು. ಮಾಡ್ (ಆಟಗಾರರೇ ಬರೆದ ತಿದ್ದುಪಡಿ) ಹಾಕಿ ರಾತ್ರಿ ರಾತ್ರಿ ಊರು ಗುಡಿಸುವುದೇ ಒಂದು ಕೆಲಸ. ಸಿಮ್ಸ್ 4ರವರು ಆ ಪೆಟ್ಟು ತಿಂದು ಬಾಗಿಲು ಮುಚ್ಚಿದರು ಅಂತ ನನ್ನ ಅಂದಾಜು.

ಈಗ 64 ಬಿಟ್ ಯಂತ್ರಗಳು, ಹದಿನಾರು ಜಿಬಿ ಸಾಮಾನ್ಯ. ಹಾಗಾಗಿ ತೆರೆದ ಊರು ಆಗದ ಮಾತಲ್ಲ. ನನ್ನ ಊಹೆ ಕೇಳಿದರೆ, ಇಡೀ ಊರು ಬರುವುದಿಲ್ಲ, ಒಂದು ಬೀದಿ ಬರುತ್ತದೆ. ನಮ್ಮ ಮನೆ, ಆಚೀಚೆ ಎಂಟು ಹತ್ತು ಮನೆ.

ಗುಬ್ಬಿಗೂಡು

ಒಂದು ಬೀದಿ ಸಾಕು ಸರ್. ಬೀದಿ ಇದ್ದರೆ ಜಗಳ ಇರುತ್ತೆ.

ಮೈಸೂರು ಮೈನಾ

ಕುಟ್ಟಪ್ಪನವರೇ, ಹಾಗಾದರೆ ಒಂದು ಪ್ರಶ್ನೆ. ಸಿಮ್ಸ್ 4ರಲ್ಲಿ ನನ್ನ ಕಮಲಮ್ಮ ಊಟ ಮುಗಿಸಿ, ತಟ್ಟೆ ಹಿಡಿದು, ಅಡುಗೆಮನೆಯ ಸಿಂಕ್ ಪಕ್ಕದಲ್ಲೇ ಹಾದು, ಮೆಟ್ಟಿಲು ಹತ್ತಿ, ಮಗ ಸ್ನಾನ ಮಾಡುತ್ತಿರುವ ಬಾತ್‌ರೂಮಿಗೆ ನುಗ್ಗಿ ಅಲ್ಲಿ ತಟ್ಟೆ ತೊಳೆಯುತ್ತಾಳೆ. ಅದು ಯಾರ ಕೂಗು?

ಕೋಡ್ ಕುಟ್ಟಪ್ಪ

ಹ್ಹ ಹ್ಹ. ಅದು ಜಗತ್ಪ್ರಸಿದ್ಧ ಕಾಯಿಲೆ ಮೇಡಂ. ಆಟದ ಲೆಕ್ಕದಲ್ಲಿ ಎರಡೂ ಸಿಂಕೇ. ಬಾತ್‌ರೂಮಿಗೆ ಬೀಗ ಹಾಕಿ ನೋಡಿ.

ಡಬ್ಲಿನ್ ದೋಸೆ

ನೀವೆಲ್ಲ ತಂತ್ರಜ್ಞಾನದ ಕಡೆ ನೋಡುತ್ತಿದ್ದೀರಿ. ನಾನು ಗಲ್ಲಾಪೆಟ್ಟಿಗೆ ಕಡೆ ನೋಡುತ್ತೇನೆ. ಸಿಮ್ಸ್ 4ಕ್ಕೆ ಎಕ್ಸ್‌ಪ್ಯಾನ್ಷನ್ ಅನ್ನುವ ದೊಡ್ಡ ಪ್ಯಾಕ್‌ಗಳೇ 2025ರ ಕೊನೆಗೆ ಇಪ್ಪತ್ತು ಆಗಿ ಹೋಗಿದ್ದವು. ಗೇಮ್ ಪ್ಯಾಕ್ ಹನ್ನೆರಡು. ಆಮೇಲೆ ಸಣ್ಣ ಸಣ್ಣ ಕಿಟ್‌ಗಳು ಬೇರೆ. ಅಮೆರಿಕದಲ್ಲಿ ಒಂದು ಎಕ್ಸ್‌ಪ್ಯಾನ್ಷನ್‌ಗೆ 40 ಡಾಲರ್. ಹನ್ನೊಂದು ವರ್ಷದಿಂದ ಒಂದೊಂದಾಗಿ ಕೊಂಡವಳು ನಾನು. ನಾಳೆ ಹೊಸ ಆಟ ಬಂದರೆ ಅದರಲ್ಲಿ ಮಳೆ ಇರುವುದಿಲ್ಲ, ನಾಯಿ ಇರುವುದಿಲ್ಲ, ಕಾಲೇಜು ಇರುವುದಿಲ್ಲ. ಮತ್ತೆ ಮಳೆಗೆ ದುಡ್ಡು ಕೊಡಬೇಕಾ?

2025ರ ಸೆಪ್ಟೆಂಬರ್‌ನಲ್ಲಿ ಇಎಯನ್ನೇ ಕೊಳ್ಳುವ ಸುದ್ದಿ ಬಂತಲ್ಲ. 55 ಶತಕೋಟಿ ಡಾಲರ್. ಸೌದಿಯ ಸರ್ಕಾರಿ ಹೂಡಿಕೆ ನಿಧಿ ಪಿಐಎಫ್, ಹೂಡಿಕೆ ಕಂಪನಿಗಳಾದ ಸಿಲ್ವರ್ ಲೇಕ್, ಅಫಿನಿಟಿ ಪಾರ್ಟ್‌ನರ್ಸ್ ಸೇರಿ. ಅದರಲ್ಲಿ 20 ಶತಕೋಟಿ ಸಾಲದ ದುಡ್ಡು. ಸಾಲ ಮಾಡಿ ಹಸು ಕೊಂಡವರು ಹಾಲು ಕೊಡುವ ಹಸುವನ್ನು ಮನೆಯಿಂದ ಹೊರಗೆ ಬಿಡುತ್ತಾರಾ? ಸಿಮ್ಸ್ 4 ಇನ್ನೂ ಐದು ವರ್ಷ ಕರೆಯುತ್ತಾರೆ, ಬರೆದಿಟ್ಟುಕೊಳ್ಳಿ.

ಕಡಲತಡಿಯ ಭೂತ

ಹಸುವಿನ ಮಾತು ಸರಿ. ಆದರೆ ಕೊಟ್ಟಿಗೆ ಹಳತಾಗಿದೆ ಅಲ್ವಾ? ಪ್ರತಿ ಹೊಸ ಪ್ಯಾಕ್ ಬಂದಾಗ ಹಳೆಯದು ಎಲ್ಲೋ ಒಂದು ಕಡೆ ಸೋರುತ್ತದೆ.

ಇಳಕಲ್ ಸೆರಗು

ದುಡ್ಡಿನ ಮಾತು ಬಂತು ಅಂತ ಹೇಳತೀನಿ. ಮನೆ ಒಳಗೆ ಬರುವಾಗ ಕಾಲಲ್ಲಿನ ಚಪ್ಪಲಿ ಬಿಡೂದು ಸಿಮ್ಸ್ 4ರಲ್ಲಿ ಯಾವಾಗ ಬಂತು ಗೊತ್ತೇನ್ರಿ? 'ಸ್ನೋಯಿ ಎಸ್ಕೇಪ್' ಪ್ಯಾಕ್ ಜೋಡಿ, 2020ರಲ್ಲಿ. ಅಲ್ಲಿಯವರೆಗೆ ಮಂದಿ ಶೂ ಹಾಕಿಕೊಂಡೇ ಮನೆ ತುಂಬ ಅಡ್ಡಾಡತಿದ್ದರು. ಚಪ್ಪಲಿ ಬಿಡೂದಕ್ಕೂ ರೊಕ್ಕ!

ಏಣಿ ಕದ್ದವನು

ದೇವಸ್ಥಾನದ ಹೊರಗೂ ಕೊಡುತ್ತೀವಲ್ಲ ಅಕ್ಕ, ಜೋಡಿಗೆ ಐದು ರೂಪಾಯಿ.

ತೊಟ್ಟಿ ಮನೆ ಮೇಸ್ತ್ರಿ

ನನಗೆ ಬೇಕಾದದ್ದು ಎರಡೇ.

ಒಂದು, ಮನೆಗೆ ಎಂಟೇ ಜನ ಅನ್ನುವ ಮಿತಿ ಹೋಗಬೇಕು. ಸಿಮ್ಸ್ 2ರಿಂದ ಇದೇ ಗೋಳು. ನಮ್ಮ ಅಜ್ಜನ ಮನೆಯಲ್ಲಿ ಹದಿನಾಲ್ಕು ಜನ ಇದ್ದೆವು. ಅದನ್ನು ಆಟದಲ್ಲಿ ಮಾಡಲು ಹೊರಟೆ. ಅಜ್ಜ, ಅಜ್ಜಿ, ದೊಡ್ಡಪ್ಪ, ದೊಡ್ಡಮ್ಮ, ಅಪ್ಪ, ಅಮ್ಮ, ಚಿಕ್ಕಪ್ಪ, ಚಿಕ್ಕಮ್ಮ. ಎಂಟಾಯಿತು. ಮಕ್ಕಳೇ ಇಲ್ಲ. ಕೊನೆಗೆ ಚಿಕ್ಕಪ್ಪನನ್ನು ಪಾಲು ಕೊಟ್ಟು ಎದುರು ಮನೆಗೆ ಕಳಿಸಿದೆ. ನಿಜ ಜೀವನದಲ್ಲಿ ಆ ಪಾಲಿಗೆ ಕೋರ್ಟಿನಲ್ಲಿ ಒಂಬತ್ತು ವರ್ಷ ಹಿಡಿದಿತ್ತು, ಇಲ್ಲಿ ಮೂರು ಕ್ಲಿಕ್ಕು.

ಎರಡು, ಚಾವಣಿ. ತೊಟ್ಟಿ ಮನೆ ಕಟ್ಟಿ ನೋಡಿ ಗೊತ್ತಾಗುತ್ತದೆ. ನಡುವೆ ಬಯಲು ಬಿಟ್ಟು ನಾಲ್ಕೂ ಕಡೆಯಿಂದ ಚಾವಣಿ ಒಳಮುಖವಾಗಿ ಇಳಿಯಬೇಕು, ಮಳೆ ನೀರು ತೊಟ್ಟಿಗೆ ಬೀಳಬೇಕು. ನಾಲ್ಕು ತುಂಡು ಬೇರೆ ಬೇರೆ ಇಟ್ಟು ಜೋಡಿಸುತ್ತೇನೆ. ಮೂಲೆಗಳಲ್ಲಿ ಒಂದು ತುಂಡು ಇನ್ನೊಂದರ ಹೊಟ್ಟೆಗೆ ಹೋಗಿ ಕೂರುತ್ತದೆ. ಹೊರಗಿಂದ ಚಂದ, ಅಂಗಳದಲ್ಲಿ ನಿಂತು ಮೇಲೆ ನೋಡಿದರೆ ಹೆಂಚು ಹಲ್ಲು ಕಿರಿದ ಹಾಗೆ. ಇನ್ನು ತುಳಸಿ ಕಟ್ಟೆ. ಕಂಬದ ತುಂಡು, ಅದರ ಮೇಲೆ ಹೂಕುಂಡ, ಎರಡನ್ನೂ ಬಿಬಿ.ಮೂವ್‌ಆಬ್ಜೆಕ್ಟ್ಸ್ ಚೀಟ್ ಹಾಕಿ ಒಂದರೊಳಗೊಂದು ತುರುಕಿ ಮಾಡಿದ್ದು. ಯಾವ ಸಿಮ್ಮೂ ಅದಕ್ಕೆ ನೀರು ಹಾಕುವುದಿಲ್ಲ ಬಿಡಿ.

ಮೈಸೂರು ಮೈನಾ

ಭಾರತದ ವಸ್ತು ಏನೂ ಇಲ್ಲ ಅನ್ನುವಂತಿಲ್ಲ. 2021ರ 'ಫ್ಯಾಷನ್ ಸ್ಟ್ರೀಟ್' ಕಿಟ್ ಮುಂಬೈ ಬೀದಿ ನೋಡಿಯೇ ಮಾಡಿದ್ದು. 'ಸಿಟಿ ಲಿವಿಂಗ್' ಪ್ಯಾಕ್‌ನ ಮಸಾಲೆ ಹಬ್ಬದಲ್ಲಿ ಖಾರದ ಕರ್ರಿ ತಿನ್ನುವ ಪಂದ್ಯ ಇದೆ, ತಿಂದವರು ಬಾಯಿಂದ ಬೆಂಕಿ ಕಾರುತ್ತಾರೆ. ಆದರೆ ಆಟದ ಭಾಷೆಗಳ ಪಟ್ಟಿಯಲ್ಲಿ ಭಾರತದ ಒಂದೂ ಭಾಷೆ ಇಲ್ಲ. ಮಾತಿಗೆ ಸಿಮ್ಲಿಷ್ ಇದೆ, ಅದು ಯಾರ ಭಾಷೆಯೂ ಅಲ್ಲ, ಅದಕ್ಕೇ ಎಲ್ಲರದ್ದೂ. ಮೆನುವಾದರೂ ಕನ್ನಡದಲ್ಲಿ ಬರಬಾರದಾ? ನನ್ನ ಅತ್ತೆ "ಸುಲ್ ಸುಲ್" ಅಂದರೆ ನಮಸ್ಕಾರ ಅಂತ ಕಲಿತುಬಿಟ್ಟಿದ್ದಾರೆ. ಮೆನು ಓದಲು ಮಾತ್ರ ನಾನು ಪಕ್ಕದಲ್ಲಿ ಕೂರಬೇಕು.

ಹೊಸಬ್ರು ಸ್ವಾಮಿ

ಮುಂದಿನದರಲ್ಲಿ ಎಐ ಬರುತ್ತೆ ಅಂತ ನನ್ನ ಲೆಕ್ಕ. ಇನ್‌ಝೋಯ್‌ನಲ್ಲಿ 'ಸ್ಮಾರ್ಟ್ ಝೋಯ್' ಇದೆ, ಎನ್‌ವಿಡಿಯಾದ ಸಣ್ಣ ಭಾಷಾ ಮಾದರಿ ಹಾಕಿದ್ದಾರೆ. ಇವನು ದಯಾಳು ಅಂತ ಬರೆದರೆ ಬೀದಿಯಲ್ಲಿ ಕಷ್ಟದಲ್ಲಿರುವವರಿಗೆ ತಾನೇ ಊಟ ಕೊಡಿಸುತ್ತಾನೆ. ಗುಬ್ಬಿಗೂಡು ಅಕ್ಕ ಕೇಳಿದ್ದೂ ಅದೇ ಅಲ್ವಾ? ಪಕ್ಕದ ಮನೆಯವರು ತಾವೇ ಯೋಚಿಸುವುದು.

ಗುಬ್ಬಿಗೂಡು

ಅಲ್ಲ ತಮ್ಮಾ. ಅವರು ಯೋಚಿಸುವುದು ನನಗೆ ಬೇಡ. ಅವರು ಇರಬೇಕು, ಅಷ್ಟೇ. ನಾನು ನೋಡದೆ ಇದ್ದಾಗಲೂ ಹಾಲು ಉಕ್ಕಬೇಕು. ಸಿಮ್ಸ್ 2ರಲ್ಲಿ ಬೆಲ್ಲಾ ಗಾತ್ ಕಾಣೆಯಾಗಿದ್ದಳಲ್ಲ. ಪ್ಲೆಸೆಂಟ್‌ವ್ಯೂ ಊರಿನಲ್ಲಿ ಗಂಡ ಮಕ್ಕಳು, ಇವಳಿಲ್ಲ. ಆಮೇಲೆ ನೋಡಿದರೆ ಸ್ಟ್ರೇಂಜ್‌ಟೌನ್ ಅನ್ನುವ ಇನ್ನೊಂದು ಊರಿನಲ್ಲಿ ಅವಳದೇ ಮುಖದ ಒಬ್ಬಳು. ಅಲ್ಲಿ ಎಐ ಏನೂ ಇರಲಿಲ್ಲ. ಯಾರೋ ಕೂತು ಒಂದು ಸಂಸಾರ ಬರೆದಿದ್ದರು. ಇಪ್ಪತ್ತು ವರ್ಷ ಆದಮೇಲೂ ಅವಳ ಬಗ್ಗೆ ಮಾತಾಡುತ್ತಿದ್ದೇವೆ.

ಕೋಡ್ ಕುಟ್ಟಪ್ಪ

ಇದಕ್ಕೆ ನನ್ನ ವೋಟು. ಸಿಮ್ಸ್ ಹುಟ್ಟಿಸಿದ ವಿಲ್ ರೈಟ್ ಕಥೆ ಇಲ್ಲಿ ಎಲ್ಲರಿಗೂ ಗೊತ್ತಿರಬಹುದು. 1991ರ ಓಕ್ಲೆಂಡ್ ಬೆಂಕಿಯಲ್ಲಿ ಮನೆ ಸುಟ್ಟುಹೋಯಿತು. ಮತ್ತೆ ಸಂಸಾರ ಹೂಡುವಾಗ ಯಾವ ಸಾಮಾನು ನಿಜವಾಗಿ ಬೇಕು ಅಂತ ಯೋಚಿಸಿದ್ದರಿಂದ ಈ ಆಟ ಹುಟ್ಟಿತು. ಹಾಗಾಗಿಯೇ ಅದು ಸಾಮಾನಿನ ಆಟ. ಪ್ಯಾಕ್ ಮಾರುವುದು ಸುಲಭವಾದದ್ದೂ ಅದರಿಂದಲೇ. ಹೊಸ ಫ್ರಿಜ್ ಕೂಗಿದರೆ ಸಾಕು. ಆದರೆ ನೆರೆಯವರನ್ನು ಪ್ಯಾಕ್ ಮಾಡಿ ಮಾರುವುದು ಕಷ್ಟ. ಮೇಡಂ ಕೇಳುತ್ತಿರುವುದು ಅಂಗಡಿಯಲ್ಲಿ ಇಡಲಾಗದ ವಸ್ತು. ಮುಂದಿನ ಆಟದಲ್ಲಿ ಅದು ಬರುತ್ತೆ ಅನ್ನುವ ಧೈರ್ಯ ನನಗಿಲ್ಲ.

ಕಡಲತಡಿಯ ಭೂತ

ನನಗಿರುವ ಭಯ ಆನ್‌ಲೈನ್. 'ಸಿಮ್ಸ್ ಆನ್‌ಲೈನ್' 2002ರ ಕೊನೆಗೆ ಬಂತು, 2008ರಲ್ಲಿ ಬಾಗಿಲು ಹಾಕಿತು. ಅದರೊಳಗೆ ಕಟ್ಟಿದ ಮನೆಗಳೆಲ್ಲ ಹೋದವು. ಇಎಯದೇ ಊರು ಕಟ್ಟುವ ಆಟ, 2013ರ 'ಸಿಮ್‌ಸಿಟಿ'ಗೆ ಇಂಟರ್ನೆಟ್ ಇಲ್ಲದೆ ನಡೆಯುವುದಿಲ್ಲ ಅಂದರು, ಮೊದಲ ದಿನಗಳಲ್ಲಿ ಸರ್ವರ್ ಉಸಿರುಗಟ್ಟಿತು. ನೆಟ್ ಇಲ್ಲದೆ ಆಡುವ ದಾರಿ ಬಿಡಲು ಒಂದು ವರ್ಷ ತೆಗೆದುಕೊಂಡರು. ನಮ್ಮೂರಿನಲ್ಲಿ ಜೂನ್ ಬಂತೆಂದರೆ ಒಂದು ಗಾಳಿ ಮಳೆಗೆ ಕರೆಂಟು, ನೆಟ್ ಎರಡೂ ಹೋಗುತ್ತದೆ. ಬ್ಯಾಟರಿ ಇರುವಷ್ಟು ಹೊತ್ತು ನಾನು ನನ್ನ ಸಿಮ್‌ಗಳ ಜೊತೆ ಇರುತ್ತೇನೆ. ಆ ಸುಖ ಕಿತ್ತುಕೊಂಡರೆ ನಾನು ಹಳೇ ಸಿಮ್ಸ್ 2ಕ್ಕೆ ವಾಪಸ್. ಹೇಗೂ 2025ರ ಜನವರಿಯಲ್ಲಿ, ಇಪ್ಪತ್ತೈದು ವರ್ಷದ ನೆಪದಲ್ಲಿ, ಸಿಮ್ಸ್ 1, ಸಿಮ್ಸ್ 2 ಎರಡನ್ನೂ ಮತ್ತೆ ಮಾರಾಟಕ್ಕೆ ತಂದಿದ್ದಾರೆ.

ಡಬ್ಲಿನ್ ದೋಸೆ

ಪ್ಯಾರಾಲೈವ್ಸ್ ಅನ್ನುವ ಇನ್ನೊಂದು ಸಂಸಾರದ ಆಟದ ಹೆಸರು ಯಾರೂ ಹೇಳಲೇ ಇಲ್ಲ? ಮಾಂಟ್ರಿಯಲ್‌ನ ಸಣ್ಣ ತಂಡ. ಅಭಿಮಾನಿಗಳ ದುಡ್ಡಿನಲ್ಲೇ 2019ರಿಂದ ಕಟ್ಟುತ್ತಿದ್ದಾರೆ. ದುಡ್ಡು ಕೊಟ್ಟು ಕೊಳ್ಳುವ ಪ್ಯಾಕ್ ಇರುವುದೇ ಇಲ್ಲ ಅಂದಿದ್ದಾರೆ. 2025ರ ಡಿಸೆಂಬರ್ 8 ಅಂದಿದ್ದರು, ಅದು 2026ರ ಮೇ ತಿಂಗಳಿಗೆ ಹೋಯಿತು. ಹೋಗಲಿ, ಅಡುಗೆ ಬೇಯಲಿ. ಪ್ಯಾರಡಾಕ್ಸ್ ಕಂಪನಿಯ ಇದೇ ಥರದ ಆಟ 'ಲೈಫ್ ಬೈ ಯು' ಏನಾಯಿತು ನೋಡಿದಿರಲ್ಲ. ಮುಂದೆ ಹಾಕಿ ಹಾಕಿ 2024ರ ಜೂನ್‌ನಲ್ಲಿ ಪೂರ್ತಿ ಕೈಬಿಟ್ಟರು. ಒಂದು ಕಾಲಕ್ಕೆ ಸಿಮ್ಸ್ ವಿಭಾಗವನ್ನೇ ನಡೆಸಿದ್ದ ರಾಡ್ ಹಂಬಲ್ ಅದರ ಮುಂದಾಳು. ಅಂಥವರಿಗೂ ದಕ್ಕಲಿಲ್ಲ. ಸಂಸಾರದ ಆಟ ಮಾಡುವುದು ಅಷ್ಟು ಸಲೀಸಲ್ಲ.

ಇಳಕಲ್ ಸೆರಗು

ಸಂಸಾರ ಮಾಡೂದೇ ಸಲೀಸಲ್ಲ, ಆಟದ ಮಾತು ದೂರ ಉಳೀತು.

ತೊಟ್ಟಿ ಮನೆ ಮೇಸ್ತ್ರಿ

ಪ್ಯಾರಾಲೈವ್ಸ್‌ನಲ್ಲಿ ಗೋಡೆ ಬಾಗಿಸಬಹುದಂತೆ. ಚಾವಣಿ ಒಳಮುಖ ಇಳಿಯುತ್ತಾ ಯಾರಾದರೂ ನೋಡಿ ಹೇಳಿ. ಇಳಿದರೆ ನಾನು ಅವತ್ತೇ ಗಂಟುಮೂಟೆ ಕಟ್ಟುತ್ತೇನೆ.

ಮೈಸೂರು ಮೈನಾ

@ಕೋಡ್ ಕುಟ್ಟಪ್ಪ ಬಾತ್‌ರೂಮಿಗೆ ಬೀಗ ಹಾಕಿದೆ. ಕಮಲಮ್ಮ ಬಾಗಿಲವರೆಗೆ ಹೋದಳು, ನಿಂತಳು, ತಟ್ಟೆಯನ್ನು ಮೆಟ್ಟಿಲ ಮೇಲೆ ಇಟ್ಟು ಟಿವಿ ನೋಡಲು ಹೋದಳು. ಈಗ ಅಲ್ಲಿ ನೊಣ.